ಒತ್ತೆಯ ಮಾತ್ರೆಗಳು

ಎಣ್ಣೆಗೆ ಬಿಟ್ಟ ಹಿಟ್ಟಿನ ತುಂಡು ಮುಳುಗಿ, ಮೇಲೆದ್ದು, ಉಬ್ಬುತ್ತಿತ್ತು. ಅಗ್ರಿಪೀನಾ ಅದನ್ನು ತಿರುವಿ ಹಾಕಿ ಇನ್ನೊಂದನ್ನು ಬಿಟ್ಟಳು. ಸಾವಿನ ಮನೆಗೆ ಬಂದವರಿಗೆ ಚಹಾದ ಜೊತೆ ಕೊಡಲು ಇನ್ನೂರು ಮಾಂದಾಜಿಯಾದರೂ ಬೇಕೆಂದು ಯಾರೋ ಹೇಳಿದ್ದರು. ಎಷ್ಟಾದವೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲವೂ ಎಂದಿನ ಹಾಗೆಯೇ ಇತ್ತು, ಗಾಬರಿ ಹುಟ್ಟಿಸುತ್ತಿದ್ದುದು ಅದೇ. ಬಸ್ಸು ಎಂದಿನ ಹೊತ್ತಿಗೆ ಹಾರ್ನ್ ಮಾಡುತ್ತಾ ಹೊಳೆಯ ಕಡೆ ಇಳಿದು ಹೋಯಿತು. ಅಡುಗೆಮನೆಯ ಹಿಂದೆ ಕಾಲಿಗೆ ಹಗ್ಗ ಕಟ್ಟಿದ್ದ ಒಂದು ಕೆಂಪು ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತಿತ್ತು. ಕ್ಲೇಟಸ್ ಸತ್ತಿದ್ದಾನೆ, ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಸತ್ತಿದ್ದಾನೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸೊಂಟಕ್ಕೆ ಸುತ್ತಿದ್ದ ಕಾಂಗಾ ಬಟ್ಟೆಯ ಮಡಿಕೆಯಲ್ಲಿ ಮಾತ್ರೆಯ ಪೊಟ್ಟಣದ ಮೂಲೆ ಹೊಟ್ಟೆಗೆ ಚುಚ್ಚುತ್ತಿತ್ತು. ಒಳಗೆ ಇಳಿಯುತ್ತಿದ್ದುದು ಅದೊಂದೇ.

ಮಾವಿನ ಮರದ ಕೆಳಗೆ ಚಾಪೆಯ ಮೇಲೆ ಕೂತ ಹೆಂಗಸರು ಆಗಾಗ ಅವಳತ್ತ ತಿರುಗಿ ನೋಡುತ್ತಿದ್ದರು. ಪಿನಾ ಯಾವಾಗ ಶುರು ಮಾಡುತ್ತಾಳೆ ಎಂದು ಕಾಯುತ್ತಿದ್ದರು. ಅತ್ತೆಯ ಮಕ್ಕಳು, ಮಾವನ ಮಕ್ಕಳು ಎಂದ ಮೇಲೆ ಹುಟ್ಟಿನಿಂದಲೇ ಉತಾನಿಯ ನಂಟು, ಗೇಲಿಯ ನಂಟು. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಕೈಯಲ್ಲಿದ್ದುದನ್ನು ಕಸಿದುಕೊಂಡು ಒತ್ತೆ ಇಟ್ಟುಕೊಳ್ಳಬಹುದು, ಬಿಡಿಸಿಕೊಳ್ಳಲು ಕೋಳಿ ಕೇಳಬಹುದು, ಹೆಂಡ ಕೇಳಬಹುದು. ಸಿಟ್ಟು ಮಾತ್ರ ಮಾಡಿಕೊಳ್ಳಬಾರದು. ಸಿಟ್ಟು ಮಾಡಿಕೊಂಡವನು ಸೋತ, ಅವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಸತ್ತ ಮೇಲೂ ಈ ನಂಟು ಬಿಡುವುದಿಲ್ಲ. ಹೆಣ ಎತ್ತುವ ಮುಂಚೆ ಉತಾನಿಯವರು ಸತ್ತವನ ಟೋಪಿಯನ್ನೋ ಅಂಗಿಯನ್ನೋ ತೊಟ್ಟು, ಅವನ ಹಾಗೆ ನಡೆದು, ಅವನ ಜಿಪುಣತನವನ್ನೋ ಗೊರಕೆಯನ್ನೋ ಆಡಿ ತೋರಿಸಿ, ಅಳುವವರನ್ನು ನಗಿಸಬೇಕು. ಏನಾದರೂ ಕೊಡುವ ತನಕ ಗುಂಡಿಯ ದಾರಿಗೆ ಅಡ್ಡ ನಿಲ್ಲಬೇಕು. ಈ ಕೆಲಸದಲ್ಲಿ ಅಗ್ರಿಪೀನಾಳಿಗೆ ಹೊಳೆಯ ಎರಡೂ ದಡದಲ್ಲಿ ಹೆಸರಿತ್ತು. ದೋಣಿಯ ಅಲ್ಕ್ವಿನ್ ಸತ್ತಾಗ ಅವಳು ಗುಂಡಿಗೆ ಇಳಿದು ಉದ್ದಕ್ಕೆ ಮಲಗಿ, “ಇನ್ನೊಂದು ಮೊಳ ಅಗೀರಪ್ಪ, ಹೊಟ್ಟೆ ಹಿಡಿಸೋದಿಲ್ಲ” ಎಂದಾಗ ಅಲ್ಕ್ವಿನ್‌ನ ಹೆಂಡತಿಯೇ ಕಣ್ಣೀರಿನ ನಡುವೆ ಕಿಸಕ್ಕನೆ ನಕ್ಕಿದ್ದಳು. ಇವತ್ತು ಸತ್ತವನು ಅವಳ ಸ್ವಂತ ಸೋದರತ್ತೆಯ ಮಗ. ಹಾಗಾಗಿ ಇವತ್ತಿನ ನಗು ಎಲ್ಲಕ್ಕಿಂತ ದೊಡ್ಡದಿರಬೇಕೆಂದು ಊರು ಬಯಸುವುದರಲ್ಲಿ ತಪ್ಪೇನಿರಲಿಲ್ಲ.

“ಏನೇ ಪಿನಾ, ಗಂಡ ಸತ್ತ ಅಂತ ನಾಲಿಗೇನೂ ಸತ್ತುಹೋಯ್ತಾ?” ಎಂದು ಎಗ್ನೋ ತಾತ ಒಲೆಯ ಹತ್ತಿರ ಬಂದು ನಿಂತು ಕೇಳಿದ. ಮನೆತನಕ್ಕೆಲ್ಲ ಹಿರಿಯ, ಇವತ್ತಿನ ಸಾವಿನ ಯಜಮಾನಿಕೆ ಅವನದೇ. “ಜನ ಕಾಯ್ತಿದ್ದಾರೆ. ಗುಂಡಿ ಅರ್ಧ ಆಯ್ತು.”

“ಕೈ ಹಿಟ್ಟಾಗಿದೆ ತಾತ. ಬರ್ತೀನಿ.”

“ಹಿಟ್ಟು ಕೈಗೆ ತಾನೆ ಆಗಿರೋದು?” ಎಂದು ಅವನು ಬಿಸಿ ಮಾಂದಾಜಿಯೊಂದನ್ನು ಎತ್ತಿಕೊಂಡು, ಊದುತ್ತಾ, ಹುಂಜದ ಕಡೆ ನೋಡಿದ. “ಅದನ್ಯಾಕೆ ಕಟ್ಟಿಹಾಕಿದ್ದೀರ? ಸಾರಿಗೆ ಹಾಕಬಾರದಾ?”

“ಅದನ್ನ ಮುಟ್ಟಬೇಡಿ” ಎಂದು ಒಳಗಿನಿಂದ ಕ್ಲೇಟಸ್‌ನ ತಾಯಿ ಓಡಿಲಿಯಾ ಅತ್ತೆಯ ಒಡೆದ ದನಿ ಕೇಳಿತು. “ಅದು ಇರಲಿ.”

ಗಂಡ ಎನ್ನುವುದು ಹಳೆಯ ಗೇಲಿ. ಐದು ವರ್ಷದವಳಿದ್ದಾಗಿನಿಂದ ಅವನನ್ನು ಹಾಗೇ ಕರೆದು ಕಾಡಿದ್ದಳು. ಅವನು ಸ್ವೀಡನ್ನಿಗೆ ಹೋಗಿ ಅಲ್ಲಿ ಬಸ್ಸು ಓಡಿಸಲು ಸೇರಿ, ಅಲ್ಲೇ ಮದುವೆಯಾದ ಮೇಲೂ ಫೋನಿನಲ್ಲಿ ಹಾಗೇ ಕರೆಯುತ್ತಿದ್ದಳು. ಹದಿನೇಳು ವರ್ಷ ಕಳೆದು ಮೊದಲ ಸಲ ಬಂದವನು ಬಸ್ಸಿನಿಂದ ಇಳಿದು ಸೀದಾ ಬಂದದ್ದು ಅವಳ ಊಟದ ಅಂಗಡಿಗೆ. ಕತ್ತಿನ ಹಿಂದೆ ಬಟ್ಟೆ ಇಳಿಬಿದ್ದ ಅಗಲ ಟೋಪಿ, ಆ ಉರಿಬಿಸಿಲಿನಲ್ಲೂ ಮಣಿಕಟ್ಟಿನ ತನಕ ಗುಂಡಿ ಹಾಕಿದ ತೋಳು, ಮೂಗಿನ ಮೇಲೆ ಬಿಳಿ ಮುಲಾಮು. ನಕ್ಕೂ ನಕ್ಕೂ ಅವಳಿಗೆ ಪಕ್ಕೆ ಹಿಡಿದುಕೊಂಡಿತ್ತು. ಬೆಳಗಿನ ಜಾವವೇ ಎದ್ದು ಅವನಿಗೆಂದೇ ಕಂಬಾಲೆ ಮೀನನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದಳು, ಮೆಕ್ಕೆಜೋಳದ ಮುದ್ದೆಯನ್ನು ಅವನ ಅಮ್ಮ ಮಾಡುವ ಹಾಗೆ ಗಟ್ಟಿಯಾಗಿ ತೊಳಸಿದ್ದಳು. ಅವನು ಕೂತ, ಲೋಟ ಎತ್ತಿಕೊಂಡ, ಮತ್ತೆ ಕೆಳಗಿಟ್ಟ. “ಪಿನಾ, ಈ ನೀರು ಕುದಿಸಿದ್ದಾ?” ಎಂದು ಕೇಳಿದ. ಮೆಲ್ಲಗೇ ಕೇಳಿದ್ದ, ಆದರೆ ಲಾರಿಯವರು ಕೈಯಲ್ಲಿ ತುತ್ತು ಹಿಡಿದುಕೊಂಡೇ ತಿರುಗಿ ನೋಡಿದರು. ಆಮೇಲೆ ಜೇಬಿನಿಂದ ಒದ್ದೆ ಕಾಗದವೊಂದನ್ನು ತೆಗೆದು ಚಮಚವನ್ನು ಒರೆಸಿದ. ಕಾಗದದ ಮೇಲೆ ಕಂದು ಗೆರೆಯೊಂದು ಮೂಡಿತು. ಅದನ್ನು ಅವಳೂ ನೋಡಿದಳು, ಲಾರಿಯವರೂ ನೋಡಿದರು. ಹತ್ತೊಂಬತ್ತು ವರ್ಷದಿಂದ ಆ ಅಂಗಡಿಯಲ್ಲಿ ಉಂಡ ಒಬ್ಬನೂ ಚಮಚ ಒರೆಸಿರಲಿಲ್ಲ. “ಒರೆಸು ಗಂಡ, ಒರೆಸು, ಹಾಗೇ ಮೀನಿಗೂ ಸ್ನಾನ ಮಾಡಿಸು” ಎಂದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಅವಳ ಕಿವಿ ಬಿಸಿಯಾಗಿತ್ತು. ಅವನು ಹೋದ ಮೇಲೆ ಅಂಗಡಿಯ ಚಮಚಗಳನ್ನೆಲ್ಲ ಬೂದಿ ಹಾಕಿ ಉಜ್ಜಿದಳು, ಯಾರಿಗೂ ಕಾಣದಂತೆ ಹಿಂದುಗಡೆ ಕೂತು ಉಜ್ಜಿದಳು. ಅದು ಯಾರಿಗೂ ಗೊತ್ತಿಲ್ಲ.

ಅವನು ಮಾತ್ರ ಏನೂ ಆಗದವನ ಹಾಗೆ ಎರಡು ದಿನ ಬಿಟ್ಟು ಮತ್ತೆ ಬಂದು, ತನ್ನನ್ನು ತಾನೇ ಗೇಲಿ ಮಾಡಿಕೊಂಡ. ಅಲ್ಲಿ ಬಿಸಿದೇಶಗಳಿಗೆ ಹೋಗುವವರಿಗೆಂದೇ ಒಂದು ದವಾಖಾನೆ ಇದೆಯಂತೆ. ಹಳದಿ ಕೂದಲಿನ ನರ್ಸ್ ಹುಡುಗಿಯೊಬ್ಬಳು ಅವನನ್ನು ಕೂರಿಸಿಕೊಂಡು ಪಟ್ಟಿ ಓದಿದಳಂತೆ: ಕುದಿಸಿದ ನೀರನ್ನೇ ಕುಡಿ, ಸಿಪ್ಪೆ ತೆಗೆಯಲಾಗದ ಹಣ್ಣು ತಿನ್ನಬೇಡ, ಸಂಜೆ ಮೈ ಮುಚ್ಚಿಕೋ, ಸೊಳ್ಳೆಪರದೆ ಬಿಟ್ಟು ಮಲಗಬೇಡ, ಊಟದ ಜೊತೆ ದಿನಕ್ಕೊಂದು ಮಾತ್ರೆ ನುಂಗು, ಒಂದು ದಿನವೂ ತಪ್ಪಿಸಬೇಡ. “ನಾನು ಹುಟ್ಟಿದೂರಿನ ವಿಷಯ, ನೋಡು, ಅವಳು ನನಗೆ ಹೇಳಿಕೊಟ್ಲು” ಎಂದು ನಕ್ಕ. ನಗುತ್ತಲೇ ಜೇಬಿಗೆ ಕೈ ಹಾಕಿ, ಬಂಗಾರದ ಬಣ್ಣದ ಪೊಟ್ಟಣದಿಂದ ಒಂದು ಮಾತ್ರೆ ಒತ್ತಿ ತೆಗೆದು, ತಾನು ತಂದಿದ್ದ ಬಾಟಲಿಯ ನೀರಿನಲ್ಲಿ ನುಂಗಿದ. ಮಾತು ಅವಳ ಕಡೆಗಿತ್ತು, ಮೈ ಮಾತ್ರ ಹಳದಿ ಕೂದಲಿನವಳ ಕಡೆಗಿತ್ತು.

ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರಿಂದ ಅಂಗಡಿ ತುಂಬಿತ್ತು. ಅತ್ತೆ ಹೆಂಗಸರ ಸಂಘಕ್ಕೆಂದು ಚರ್ಚಿನಲ್ಲೇ ಉಳಿದಿದ್ದಳು. ಕ್ಲೇಟಸ್ ಊಟ ಮುಗಿಸಿ ಪೊಟ್ಟಣವನ್ನು ಹೊರಗೆ ತೆಗೆದದ್ದೇ ತಡ, ಅಗ್ರಿಪೀನಾ ಹಿಂದಿನಿಂದ ಬಂದು ಕಿತ್ತುಕೊಂಡಳು. “ಇನ್ನು ಮೇಲೆ ಇದು ನಂದು. ಯಾರಿಗೆ ಹೆದರ್ಕೊಂಡು ನುಂಗ್ತೀಯ ಭಾವ, ನಮ್ಮ ಸೊಳ್ಳೆಗಾ? ಅವೂ ನಿನ್ನ ನಂಟರೇ ಕಣೋ. ನಿನ್ನ ಅಜ್ಜನ ರಕ್ತ ಕುಡಿದು ಬೆಳೆದವು. ಮನೆಗೆ ಬಂದ ಮಗನಿಗೆ ಮುತ್ತು ಕೊಡಬೇಡವಾ?” ಅಂಗಡಿ ಚಪ್ಪಾಳೆ ತಟ್ಟಿತು. ಅವನು ಕೈ ಚಾಚಿದ. “ಹುಂಜ ತಂದು ಬಿಡಿಸ್ಕೋ! ಕೆಂಪು ಹುಂಜ, ಪುಕ್ಕ ಉದ್ದ ಇರಬೇಕು!” ಅವನ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಅವನ ಕಣ್ಣಿನಲ್ಲಿ ಏನೋ ಒಂದು ಹಾದುಹೋಯಿತು, ಲೆಕ್ಕ ಹಾಕುವವನ ಹಾಗೆ. ಆಮೇಲೆ ಎರಡೂ ಕೈ ಮೇಲೆತ್ತಿ, “ಸೋತೆ ಹೆಂಡ್ತಿ, ಸೋತೆ” ಎಂದ. ಅವತ್ತು ಅಂಗಡಿಯಲ್ಲಿ ಅವಳಿಗಿಂತ ಎತ್ತರದವರು ಯಾರೂ ಇರಲಿಲ್ಲ. ಇಂಥ ಸಾಮಾನನ್ನು ಬಯ್ಗಾಗುವ ಮುಂಚೆ ನಗುನಗುತ್ತಾ ವಾಪಸು ಕೊಟ್ಟುಬಿಡುವುದು ವಾಡಿಕೆ. ಅವಳು ಕೊಡಲಿಲ್ಲ. ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು. ಆ ಗೇಲಿ ಶುದ್ಧವಾಗಿರಲಿಲ್ಲ, ಅದರೊಳಗೆ ಒಂದು ಚಮಚ ಇತ್ತು ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

“ಪಿನಾ, ಎಣ್ಣೆ ಹೊಗೆ ಬರ್ತಿದೆ!” ಎಂದು ಯಾರೋ ಕೂಗಿದರು. ಕರಿಯಲು ಬಿಟ್ಟಿದ್ದು ಕಪ್ಪಾಗಿತ್ತು. ಅವಳು ಸೌದೆ ಹಿಂದಕ್ಕೆಳೆದು, ಸೊಂಟದ ಮಡಿಕೆಯನ್ನು ಒತ್ತಿ ನೋಡಿಕೊಂಡಳು. ಇದೆ. ಮೂರು ಮಾತ್ರೆಗಳ ಜಾಗ ಖಾಲಿ, ಉಳಿದವು ಇದ್ದ ಹಾಗೇ ಇವೆ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಕೈ ಹಾಕಿದಾಗ ಅದು ಅಲ್ಲಿ ಇರದಿದ್ದರೆ, ಇಲಿಯಾದರೂ ಒಯ್ದಿದ್ದರೆ, ಎಂದು ಒಂದು ಗಳಿಗೆ ಆಸೆಪಟ್ಟಿದ್ದಳು. ನಾಚಿಕೆಗೇಡಿನ ಆಸೆ. ಅತ್ತೆಗೆ ಹೇಳಿಬಿಡಬೇಕು. ಹೇಳಿದರೆ ಅತ್ತೆ ಬಡಿಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ, ಮನೆಯ ಹೊಸ್ತಿಲು ತುಳಿಯಬೇಡ ಎನ್ನುತ್ತಾಳೆ. ಆಗಲಿ. ಅದಾದರೂ ಆಗಲಿ. ಯಾರಾದರೂ ಒಬ್ಬರು ತನ್ನ ಮೇಲೆ ಕೈ ಎತ್ತದೆ ಇದ್ದರೆ ಈ ದಿನ ಹೀಗೇ ಮಾಂದಾಜಿ ಕರಿಯುತ್ತಾ ಸಂಜೆಯಾಗಿಬಿಡುತ್ತದೆ ಎಂದು ಅವಳಿಗೆ ಭಯವಾಯಿತು.

ಕೈ ತೊಳೆದುಕೊಂಡು ಒಳಗೆ ಹೋದಳು. ಶವಪೆಟ್ಟಿಗೆಯ ಪಕ್ಕದಲ್ಲಿ ಓಡಿಲಿಯಾ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅತ್ತು ಅತ್ತು ಮುಖ ಬಾತುಕೊಂಡಿತ್ತು. ತೊಡೆಯ ಮೇಲೆ ಕ್ಲೇಟಸ್‌ನ ಆ ಟೋಪಿ ಇತ್ತು, ಬಟ್ಟೆಯ ಅಂಚನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು.

“ಅತ್ತೆ, ನಿಂಗೊಂದು ಮಾತು ಹೇಳ್ಬೇಕು.”

“ಬಂದ್ಯಾ? ಇದನ್ನ ಹಾಕ್ಕೊ.” ಅತ್ತೆ ಟೋಪಿ ಚಾಚಿದಳು. “ನಿನಗೇ ಅಂತ ಇಟ್ಕೊಂಡಿದ್ದೆ.”

“ಅದಲ್ಲ ಅತ್ತೆ. ಅವನ ಮಾತ್ರೆ...”

“ಮಾತ್ರೆ!” ಅತ್ತೆಯ ಮುಖದಲ್ಲಿ ನಗುವಿನಂಥದ್ದು ಮೂಡಿ ಮಾಯವಾಯಿತು. “ಅದನ್ನೂ ಮಾಡಿ ತೋರಿಸು. ಗಂಜಿ ಕುಡಿದು, ನುಂಗಿ, ಕೋಳಿ ಹಾಗೆ ಕತ್ತು ಮೇಲೆತ್ತೋನು ನೋಡು. ನಾನೇ ಹೇಳ್ದೆ ಡಾಕ್ಟರಮ್ಮನಿಗೆ, ನನ್ನ ಮಗ ತಪ್ಪಿಸೋನಲ್ಲ ಅಂತ. ದೇವರು ಕರ್ಕೋಬೇಕು ಅಂದ್ರೆ ಮಾತ್ರೆ ಏನು ಮಾಡುತ್ತೆ?” ಅವಳು ಅಗ್ರಿಪೀನಾಳ ಕೆನ್ನೆ ಸವರಿದಳು. “ನನ್ನ ಮಗನ್ನ ಅಳಿಸಿ ಕಳಿಸ್ಬೇಡ ಕಣೇ. ನೀನಲ್ದೆ ಇನ್ಯಾರು ನಗಿಸ್ತಾರೆ?”

ಅಗ್ರಿಪೀನಾ ಟೋಪಿ ಕೈಯಲ್ಲಿ ಹಿಡಿದು ಎದ್ದು ಬಂದಳು. ಅದರ ಒಳಗಿನ ಪಟ್ಟಿಯಲ್ಲಿ ಇನ್ನೂ ಅವನ ಮುಲಾಮಿನ ವಾಸನೆಯಿತ್ತು, ಬೆವರಿನ ವಾಸನೆಯೂ ಇತ್ತು. ಎರಡು ದಿನ ಆಸ್ಪತ್ರೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಇಲ್ಲಿ ಮಾತ್ರ ಹೇಗೆ ತೆರೆದಾಳು? ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದ್ದು ಇಷ್ಟೇ: “ಇವರು ಮಲೇರಿಯಾ ಬರದ ಹಾಗೆ ಮಾತ್ರೆ ತಗೋತಿದ್ರಾ?” ಅತ್ತೆ ಎದೆ ತಟ್ಟಿ ಹೌದೆಂದಳು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಬರೆದುಕೊಂಡಳು. “ತಗೊಂಡಿದ್ರೆ ಇಷ್ಟು ಜೋರಾಗಿ ಬರೋದು ಕಷ್ಟ. ತಲೆಗೇರಿದೆ.” ಅತ್ತೆ ಹೇಳಿದಳು, “ಆದ್ರೆ ತಾಯಿ, ಅವನು ಇಲ್ಲೇ ಹುಟ್ಟಿದೋನು. ಚಿಕ್ಕವನಿದ್ದಾಗ ಎಷ್ಟು ಸಲ ಬಂದು ಹೋಗಿದೆ ಈ ಜ್ವರ. ನಮಗೆಲ್ಲ ಎರಡು ದಿನ ಮಲಗಿ ಎದ್ರೆ ಆಯ್ತು.” ಆಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅತ್ತೆಯ ಕೈ ಹಿಡಿದುಕೊಂಡು ಹೇಳಿದ ಮಾತು ಅಗ್ರಿಪೀನಾಳ ತಲೆಯಲ್ಲಿ ಈಗಲೂ ತಿರುಗುತ್ತಿತ್ತು. “ಇಲ್ಲೇ ಇರೋರಿಗೆ ವರ್ಷ ವರ್ಷ ಕಚ್ಚಿಸ್ಕೊಂಡು ಮೈ ಕಲಿತಿರುತ್ತೆ ಅಮ್ಮ. ದೂರ ಹೋಗಿ ಇದ್ರೆ, ಕಲಿತಿದ್ದನ್ನೆಲ್ಲ ಮೈ ಬಿಟ್ಟುಬಿಡುತ್ತೆ. ನಿಮ್ಮ ಮಗನ ವಯಸ್ಸು ನಲವತ್ತೈದು, ಈ ಜ್ವರದ ಮುಂದೆ ಅವನ ಮೈ ಹಸುಗೂಸಿಂದು. ಇಲ್ಲಿಂದ ಹೋದೋರು ವಾಪಸ್ ಬಂದಾಗ ಎಲ್ಲರೂ ಇದೇ ತಪ್ಪು ಮಾಡೋದು. ಬಿಳಿಯರು ಹೆದರ್ಕೊಂಡು ಮಾತ್ರೆ ನುಂಗಿ ಬದುಕ್ತಾರೆ.” ಅಗ್ರಿಪೀನಾ ಗೋಡೆ ಹಿಡಿದುಕೊಂಡಿದ್ದಳು. ಹಸುಗೂಸು. ಅವನು ಬಂದ ದಿನ ಟೋಪಿ ನೋಡಿ ಅವಳೂ ಅದನ್ನೇ ಅಂದಿದ್ದಳು, “ಹಸುಗೂಸಿನ ಕುಲಾವಿ ಹಾಕ್ಕೊಂಡು ಬಂದಿದ್ದಾನೆ ನನ್ನ ಗಂಡ” ಎಂದು. ಪೊಟ್ಟಣದ ವಿಷಯ ಡಾಕ್ಟರಮ್ಮನಿಗೆ ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಔಷಧಿ ಬದಲಾಗುತ್ತಿತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಸೂಜಿ ಚುಚ್ಚಿದರು, ನೀರು ಹನಿಹನಿಯಾಗಿ ಇಳಿಯಿತು, ಅವನು ಕಣ್ಣು ಬಿಡಲಿಲ್ಲ.

ಆದರೆ ಅವಳನ್ನು ಕೊರೆಯುತ್ತಿದ್ದುದು ಅದೂ ಅಲ್ಲ. ಕಸಿದುಕೊಂಡದ್ದು ಹೋಗಲಿ, ಊರೆಲ್ಲ ಕಸಿದುಕೊಳ್ಳುತ್ತದೆ. ಮಂಗಳವಾರ ಬೆಳಗ್ಗೆ, ಅಂಗಡಿಯಲ್ಲಿ ಇನ್ನೂ ಯಾರೂ ಇಲ್ಲದಾಗ, ಅವನು ಹಿಂದಿನ ಬಾಗಿಲಿನಿಂದ ಬಂದಿದ್ದ. ಅವಳು ಹಂಡೆಗೆ ನೀರು ತುಂಬುತ್ತಿದ್ದಳು. ಅವನು ಬಂದು ಹಂಡೆಯ ಕಂಠ ಹಿಡಿದುಕೊಂಡು ನಿಂತ. “ಪಿನಾ, ನಾಳೆ ಅಮ್ಮನ ಜೊತೆ ಹೊಳೆ ಆಚೆ ಭತ್ತ ಕೊಯ್ಯೋಕೆ ಹೋಗ್ತಿದ್ದೀನಿ. ಎಂಟು ದಿನ ಅಲ್ಲೇ. ಆ ಪೊಟ್ಟಣ ಕೊಡು” ಎಂದ. ಅವನ ದನಿಯಲ್ಲಿ ನಗು ಇರಲಿಲ್ಲ. ಅವಳು ಅದನ್ನು ಕೇಳಿಸಿಕೊಂಡಳು. ಸ್ಪಷ್ಟವಾಗಿ, ನೀರು ಬೀಳುವ ಸದ್ದಿನ ಮೇಲೆ, ಕೇಳಿಸಿಕೊಂಡಳು. ಗೇಲಿಯ ನಂಟಿನಲ್ಲಿ ಇರುವ ಒಂದೇ ಒಂದು ಕಿಂಡಿ ಅದು: ಒಬ್ಬರ ದನಿಯಿಂದ ನಗು ಹೋಯಿತೆಂದರೆ ಇನ್ನೊಬ್ಬರು, ಯಾರೂ ಹೇಳದೆಯೇ, ಆಟ ನಿಲ್ಲಿಸುತ್ತಾರೆ. ಅವಳ ಕೈ ಸಕ್ಕರೆ ಡಬ್ಬಿಯ ಕಡೆ ಹೋಗಲು ಎದ್ದಿತ್ತು ಕೂಡ. ಅಷ್ಟರಲ್ಲಿ ಅವನು ಹಂಡೆಯೊಳಗೆ ಬಗ್ಗಿ ನೋಡಿದ. ನೀರು ಕದಡಾಗಿದೆಯೋ ಎಂದು ನೋಡಿದನೋ, ಸುಮ್ಮನೆ ಬಗ್ಗಿದನೋ. ಅವಳ ಎದೆಯಲ್ಲಿ ಆ ಒದ್ದೆ ಕಾಗದ ಮತ್ತೆ ಚಮಚದ ಮೇಲೆ ಹಾದುಹೋಯಿತು. “ಹುಂಜ ಎಲ್ಲಿ ಗಂಡ?” ಎಂದಳು. ಕೇಳಿಸಲೇ ಇಲ್ಲವೆಂಬಂತೆ, ಜೋರಾಗಿ ನಗುತ್ತಾ ಅಂದಳು. ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಅವನೂ ನಗು ತಂದುಕೊಂಡು, “ಆಯ್ತು, ಹುಂಜ ತರ್ತೀನಿ” ಎಂದು ಹಿಂದಿನ ಬಾಗಿಲಿನಿಂದಲೇ ಹೊರಟುಹೋದ. ಪಟ್ಟಣದಲ್ಲಿ ಔಷಧಿ ಅಂಗಡಿಗಳಿವೆ, ಕೊಂಡುಕೊಳ್ಳಬಹುದಿತ್ತು. ಆದರೆ ಈ ಊರಲ್ಲಿ ಹುಟ್ಟಿದವನು ಸೊಳ್ಳೆಗೆ ಹೆದರಿ ಬಸ್ಸು ಹತ್ತಿ ಹೋದ ಎಂದು ಅವಳೇ ಹತ್ತು ಮಂದಿಯ ಮುಂದೆ ಆಡಿ ತೋರಿಸುತ್ತಿದ್ದಳಲ್ಲವೇ? ಅವನಿಗೆ ಗೊತ್ತಿತ್ತು. ಅವನೂ ಇಲ್ಲಿಯವನೇ.

ಮುಂದಿನ ವಾರ ಶುಕ್ರವಾರ ಅವನು ಅಂಗಡಿಗೆ ಬಂದಾಗ ಬಿಸಿಲಿನಲ್ಲಿ ನಡುಗುತ್ತಿದ್ದ. ಹೊಲದಿಂದ ಹಿಂದಿನ ಸಂಜೆ ಬಂದಿದ್ದರು. ತುಟಿ ಬಿಳಿಚಿಕೊಂಡಿತ್ತು. “ಆಸ್ಪತ್ರೆಗೆ ಹೋಗ್ಲಾ ಪಿನಾ?” ಎಂದು ಅವಳನ್ನೇ ಕೇಳಿದ. ಎಂಥ ಕೆಟ್ಟ ಗಳಿಗೆಯೋ, ಅವಳನ್ನೇ ಕೇಳಿದ. “ಜ್ವರ ಬಂತು ಅಂತ ಆಸ್ಪತ್ರೆಗೆ ಓಡೋ ಗಂಡಸನ್ನ ನಾನು ಕಟ್ಕೊಂಡಿದ್ದೀನಲ್ಲಪ್ಪ! ಎಂಟು ದಿನ ಬಗ್ಗಿ ಭತ್ತ ಕೊಯ್ದಿದ್ದಕ್ಕೆ ಬಂದಿರೋದು. ನಿಂಬೆ ಚಹಾ ಕುಡಿ, ಹೊದ್ಕೊಂಡು ಮಲಗು, ಭಾನುವಾರ ಕುಣೀತಿರ್ತೀಯ.” ಅವಳು ಸುಳ್ಳು ಹೇಳಿರಲಿಲ್ಲ. ತಾನೂ ವರ್ಷಕ್ಕೊಮ್ಮೆ ಹಾಗೇ ಮಲಗಿ ಏಳುತ್ತಿದ್ದಳು. ಅವನು ಚಹಾ ಕುಡಿದ, ನೀರು ಕುದಿಸಿದ್ದೇ ಎಂದು ಕೇಳಲಿಲ್ಲ. ಏಳುವಾಗ, “ನಿಂಗೊಂದು ತಂದಿದ್ದೀನಿ. ನಾಳೆ ತರ್ತೀನಿ, ಇವತ್ತು ಎತ್ಕೊಂಡು ಬರೋಕಾಗ್ಲಿಲ್ಲ” ಎಂದ. ಹೊಸ ಅಕ್ಕಿಯೋ ಏನೋ ಇರಬೇಕೆಂದುಕೊಂಡಿದ್ದಳು. ಭಾನುವಾರ ಬೆಳಗ್ಗೆ ಅತ್ತೆಯ ಮನೆಯವರು ಅವನನ್ನು ಮೋಟಾರ್ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಅಂಗಡಿಯ ಮುಂದೆಯೇ ಹಾದುಹೋದರು. ಅವನ ತಲೆ ಒಂದು ಕಡೆಗೆ ವಾಲಿತ್ತು. ಟೋಪಿ ಇರಲಿಲ್ಲ. ಕುಡಿದಿದ್ದಾನೆಂದು ಯಾರೋ ನಕ್ಕರು, ಅವಳೂ ನಕ್ಕಳು.

“ಎತ್ರಪ್ಪ” ಎಂದು ಎಗ್ನೋ ತಾತನ ದನಿ ಕೇಳಿತು. ಪೆಟ್ಟಿಗೆ ಹೊರಗೆ ಬಂತು. ಹೆಂಗಸರ ಅಳು ಒಮ್ಮೆಲೇ ಮೇಲೆದ್ದಿತು. ಅಗ್ರಿಪೀನಾಳ ಕಾಲು ಅವಳನ್ನು ಕೇಳದೆಯೇ ನಡೆಯಿತು. ಹಿತ್ತಲಿನಾಚೆ, ಪಪ್ಪಾಯಿ ಗಿಡಗಳ ಹತ್ತಿರ ತೋಡಿದ್ದ ಗುಂಡಿಯ ಮುಂದೆ ಅವಳು ದಾರಿಗೆ ಅಡ್ಡ ನಿಂತು, ಟೋಪಿ ಹಾಕಿಕೊಂಡಳು. ಅದು ಕಣ್ಣಿನ ತನಕ ಇಳಿಯಿತು. ಅಷ್ಟಕ್ಕೇ ಗುಂಪಿನಲ್ಲಿ ನಗು ಹರಿಯಿತು. ಇನ್ನು ತಡೆಯಲಾಗದು ಎನಿಸಿತು. ಕಾಂಗಾದ ಮಡಿಕೆಯಿಂದ ಪೊಟ್ಟಣ ತೆಗೆದು ಎತ್ತಿ ಹಿಡಿದಳು. ಬಿಸಿಲಿಗೆ ಅದು ಫಳಕ್ಕೆಂದಿತು.

“ಇವನನ್ನ ಕೊಂದೋಳು ನಾನು” ಎಂದಳು.

ಗುಂಪು ಗೊಳ್ಳೆಂದಿತು. ಯಾರೋ ಶಿಳ್ಳೆ ಹಾಕಿದರು. ಭಾನುವಾರ ಅಂಗಡಿಯಲ್ಲಿದ್ದ ಲಾರಿಯವನೊಬ್ಬ ಪಕ್ಕದವನಿಗೆ ವಿವರಿಸತೊಡಗಿದ, “ಅದೇ ಪೊಟ್ಟಣ ಕಣೋ, ಅವತ್ತು ಕಿತ್ಕೊಂಡ್ಲಲ್ಲ!”

“ನಗಬೇಡಿ. ನಿಜ ಹೇಳ್ತಿದ್ದೀನಿ. ಅವನು ವಾಪಸ್ ಕೇಳಿದ. ನಾನು ಕೊಡ್ಲಿಲ್ಲ. ಎಲ್ಲ ಇಲ್ಲೇ ಇದೆ ನೋಡಿ, ಬರೀ ಮೂರು ನುಂಗಿದ್ದ. ಆಸ್ಪತ್ರೆಗೆ ಹೋಗ್ತೀನಿ ಅಂದ, ಬೇಡ ಅಂದೆ. ನಾನೇ ಕೊಂದೆ!” ಅವಳ ದನಿ ಕೀರಲಾಗಿ ಒಡೆಯಿತು, ಟೋಪಿ ಇನ್ನಷ್ಟು ಕೆಳಗಿಳಿದು ಮೂಗಿನ ಮೇಲೆ ಕೂತಿತು. ಅವಳು ಅದನ್ನು ಮೇಲಕ್ಕೆ ತಳ್ಳಿದಳು, ಮತ್ತೆ ಇಳಿಯಿತು. ಜನ ಹೊಟ್ಟೆ ಹಿಡಿದುಕೊಂಡರು. ಮುದುಕಿಯರು ಒಬ್ಬರ ಭುಜದ ಮೇಲೊಬ್ಬರು ಬಿದ್ದು ನಕ್ಕರು, ನಗುತ್ತಲೇ ಕಾಂಗಾದ ಅಂಚಿನಿಂದ ಕಣ್ಣೊರೆಸಿಕೊಂಡರು. ಕೊಂದೆ ಎನ್ನದ ಉತಾನಿಯವರು ಯಾರಿದ್ದಾರೆ? ಸತ್ತಿದ್ದು ಒಳ್ಳೆಯದಾಯಿತು, ನಾನೇ ವಿಷ ಹಾಕಿದೆ, ಎಂದು ಅವಳೇ ಎಷ್ಟು ಗುಂಡಿಗಳ ಮುಂದೆ ಎದೆ ಬಡಿದುಕೊಂಡಿದ್ದಳು! ಅವಳು ಸುತ್ತ ನೋಡಿದಳು. ಒಂದೊಂದು ಮುಖವನ್ನೂ ನೋಡಿದಳು. ಒಂದರಲ್ಲೂ ಸಿಟ್ಟಿರಲಿಲ್ಲ. ಎಲ್ಲರ ಕಣ್ಣಿನಲ್ಲೂ ಅವಳ ಮೇಲೆ ಪ್ರೀತಿ ಇತ್ತು.

“ಸಾಕು ಸಾಕು, ಸಾಯಿಸ್ತಾಳೆ ಇವಳು” ಎಂದು ಎಗ್ನೋ ತಾತ ಉಸಿರು ತಿರುಗಿಸಿಕೊಂಡ. “ಏನು ಕೊಟ್ರೆ ದಾರಿ ಬಿಡ್ತೀಯಮ್ಮ? ಕೇಳು.”

ಅವಳು ಪೊಟ್ಟಣವನ್ನು ಮುಷ್ಟಿಯೊಳಗೆ ಬಿಗಿಹಿಡಿದಳು.

“ಅವಳಿಗೆ ಕೊಡಬೇಕಾದ್ದು ನನ್ನ ಹತ್ರ ಇದೆ” ಎಂದು ಓಡಿಲಿಯಾ ಅತ್ತೆ ಹೆಂಗಸರ ನಡುವಿನಿಂದ ಎದ್ದಳು. ಅವಳ ಕೆನ್ನೆಯೂ ನಕ್ಕು ಒದ್ದೆಯಾಗಿತ್ತು. ಅಡುಗೆಮನೆಯ ಹಿಂದಕ್ಕೆ ಹೋಗಿ, ಹಗ್ಗ ಬಿಚ್ಚಿ, ಆ ಕೆಂಪು ಹುಂಜವನ್ನು ಕಂಕುಳಲ್ಲಿ ಒತ್ತಿಕೊಂಡು ಬಂದಳು. ಅದರ ಪುಕ್ಕ ಉದ್ದಕ್ಕೆ ಇಳಿಬಿದ್ದಿತ್ತು. “ತಗೋ ಪಿನಾ. ಹೊಲದ ಕಡೆಯಿಂದ ಅವನೇ ಹುಡುಕಿ ತಂದಿದ್ದು. ಬಿಳೀದು ಬೇಡ, ಗಿಡ್ಡ ಪುಕ್ಕದ್ದು ಬೇಡ ಅಂತ ಮೂರು ಊರು ತಿರುಗಿದ. ದೋಣೀಲಿ ಮೈ ಸುಡ್ತಿದ್ರೂ ತೊಡೆ ಮೇಲೇ ಕೂರಿಸ್ಕೊಂಡಿದ್ದ. ಯಾಕೋ ಅಂದ್ರೆ, ಪಿನಾ ಹತ್ರ ನಂದೊಂದು ಸಾಮಾನಿದೆ, ಬೇಗ ಬಿಡಿಸ್ಕೋಬೇಕು ಅಂದ. ಏನದು ಅಂತ ಹೇಳ್ಲೇ ಇಲ್ಲ.” ಹುಂಜವನ್ನು ಅಗ್ರಿಪೀನಾಳ ತೋಳಿಗೆ ಇಟ್ಟಳು. ಅದು ಬೆಚ್ಚಗಿತ್ತು, ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. “ಹುಂಜ ಬಂತಲ್ಲ, ಇನ್ನು ಅವನ ಸಾಮಾನು ಕೊಡು. ಜೊತೇಲೇ ಕಳಿಸೋಣ.”

ಎಲ್ಲರೂ ಕತ್ತು ಚಾಚಿದರು. ಅಗ್ರಿಪೀನಾ ಅಂಗೈ ಬಿಚ್ಚಿದಳು.

ಅತ್ತೆ ಪೊಟ್ಟಣವನ್ನು ನೋಡಿದಳು. ಮೊದಲ ಎರಡು ದಿನ ಬೆಳಗ್ಗೆ ತನ್ನ ಗಂಜಿಯ ಬಟ್ಟಲಿನ ಪಕ್ಕದಲ್ಲಿದ್ದ ಪೊಟ್ಟಣ. ಆಗ ಒಂದು ಖಾಲಿಯಾಗಿತ್ತು, ಆಮೇಲೆ ಎರಡು. ಹೊಲದಲ್ಲೂ ದಿನಾ ನುಂಗುತ್ತಿದ್ದಾನೆಂದೇ ಅವಳು ನಂಬಿದ್ದಳು. ಈಗ ಮೂರು. ಅತ್ತೆಯ ತುಟಿ ನಗುವಿನಲ್ಲಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅವಳ ಕಣ್ಣು ಪೊಟ್ಟಣದಿಂದ ಹುಂಜಕ್ಕೆ ಹೋಯಿತು, ಹುಂಜದಿಂದ ಅಗ್ರಿಪೀನಾಳ ಮುಖಕ್ಕೆ ಬಂತು, ಅಲ್ಲೇ ನಿಂತಿತು. ಹೊಡಿ ಅತ್ತೆ, ಎಂದು ಅಗ್ರಿಪೀನಾ ಮನಸ್ಸಿನಲ್ಲೇ ಬೇಡಿಕೊಂಡಳು. ಹೊಡಿ. ಅತ್ತೆಯ ಕೈ ಮೇಲೆದ್ದಿತು, ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಸುತ್ತ ಊರೆಲ್ಲ ಕಾಯುತ್ತಿತ್ತು. ಉತಾನಿಯವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ, ಮಗನ ಗುಂಡಿಯ ಮುಂದಂತೂ ಮಾಡುವ ಹಾಗಿರಲಿಲ್ಲ. ಅತ್ತೆ ಕತ್ತು ಹಿಂದಕ್ಕೆ ಎಸೆದು, ಬಾಯಿ ತುಂಬ, ಎಲ್ಲರಿಗೂ ಕೇಳುವಂತೆ ನಕ್ಕಳು. ಅವಳು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಪೆಟ್ಟಿಗೆ ಕೆಳಗಿಳಿಯಿತು, ಪೊಟ್ಟಣವೂ ಇಳಿಯಿತು, ಗಂಡಸರು ಸಲಿಕೆ ಎತ್ತಿಕೊಂಡು ಮಣ್ಣು ತಳ್ಳತೊಡಗಿದರು. ನಗು ನಿಂತಿತು, ಹಾಡು ಶುರುವಾಯಿತು, ಹಾಡೂ ಮುಗಿಯಿತು. ಹುಂಜ ಒಮ್ಮೆ ಕೂಗಿತು. ಮಣಿಕಟ್ಟಿಗೆ ಅತ್ತೆಯ ಉಗುರು ಇಳಿಯುತ್ತಲೇ ಇತ್ತು, ಅವಳು ಬಿಡಲಿಲ್ಲ.